ಸುಳ್ಳು ಪವಾಡದ ಬೆಲೆ ತೆರುವವರು ಯಾರು?

ದೇವರ ಹೆಸರಿನಲ್ಲಿ ನಡೆಯುವ ಮೋಸವನ್ನು ಬಯಲಿಗೆಳೆಯುವುದು ನಾಸ್ತಿಕರ ಕೆಲಸ ಎಂಬ ಭಾವನೆ ನಮ್ಮ ಸಮಾಜದಲ್ಲಿ ಬೇರೂರಿದೆ. ಆಸ್ತಿಕನಾದವನು ತನ್ನ ಮತದ ಮಾನ ಕಾಪಾಡಲು ಅಂತಹ ಮೋಸವನ್ನು ಕಂಡೂ ಕಾಣದಂತಿರಬೇಕು ಎಂಬುದು ಅದೇ ಭಾವನೆಯ ಇನ್ನೊಂದು ಮುಖ. ಕ್ರೈಸ್ತ ಸಮುದಾಯದ ಒಂದು ಅಂಚಿನಲ್ಲಿ ಹುಟ್ಟಿ, ಕಳೆದ ಕೆಲವು ದಶಕಗಳಲ್ಲಿ ಭಿತ್ತಿಪತ್ರ, ಧ್ವನಿವರ್ಧಕ, ಟಿ.ವಿ. ವಾಹಿನಿ, ಈಗ ಮೊಬೈಲ್ ಫೋನುಗಳ ಮೂಲಕ ಸಣ್ಣ ಪಟ್ಟಣಗಳ ಮನೆಮನೆಗೂ ತಲುಪಿರುವ 'ಸ್ವಸ್ಥತಾ ಸಭೆ'ಗಳ ವಿಷಯದಲ್ಲಿ ಈ ಮೌನ ಬಹಳ ದುಬಾರಿಯಾಗಿದೆ. ಕುರುಡರು ಕಂಡರು, ಕುಂಟರು ನಡೆದರು, ಕ್ಯಾನ್ಸರ್ ಕರಗಿತು ಎಂಬ ಘೋಷಣೆಗಳು ಪರೀಕ್ಷೆಗೆ ಒಳಗಾಗದೆ ಸಾಕ್ಷ್ಯಗಳಾಗಿ ಹರಡುತ್ತಿವೆ. ಅವುಗಳ ಪೈಕಿ ಸುಳ್ಳಾದವುಗಳ ಬೆಲೆ ತೆರುವವರು ಮೊದಲು ರೋಗಿಗಳು, ನಂತರ ಪ್ರಾಮಾಣಿಕವಾಗಿ ನಂಬಿದ ಕ್ರೈಸ್ತರು. ಆದ್ದರಿಂದ ಪವಾಡಗಳ ಸತ್ಯಾಸತ್ಯತೆಯನ್ನು ಮೊದಲು ಪ್ರಶ್ನಿಸಬೇಕಾದದ್ದು ಸಭೆಯೇ ಹೊರತು ಸಭೆಯ ಹೊರಗಿನವರಲ್ಲ.

ಈ ಮಾತನ್ನು ಆಡಲು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಗಿಂತ ಸೂಕ್ತವಾದ ನೆಲ ಇನ್ನೊಂದಿಲ್ಲ. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಜಿಲ್ಲೆಯಾದ ಈ ಪ್ರದೇಶಕ್ಕೆ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆಗಳು ಬತ್ತಿದಂತೆ ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. ಆಳಕ್ಕೆ ಇಳಿದಂತೆ ನೀರಿನಲ್ಲಿ ಫ್ಲೋರೈಡ್ ಹೆಚ್ಚಿತು. ಒಂದು ಲೀಟರ್ ನೀರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುತ್ತದೆ. ಪ್ರಮಾಣ ಇನ್ನೂ ಹೆಚ್ಚಾದರೆ ಮೂಳೆ ಗಡುಸಾಗಿ, ಕೀಲು ಹಿಡಿದುಕೊಂಡು, ಬೆನ್ನು ಬಾಗುತ್ತದೆ. ಶಿಡ್ಲಘಟ್ಟ ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆ. ನೂಲು ಬಿಚ್ಚಾಣಿಕೆಯ ಘಟಕಗಳಲ್ಲಿ ಕುದಿಯುವ ನೀರು, ಹೊಗೆ, ಹಬೆಯ ನಡುವೆ ದುಡಿಯುವವರಿಗೆ ಉಬ್ಬಸ ಮತ್ತು ಕೈಚರ್ಮದ ವ್ಯಾಧಿ ವೃತ್ತಿಯ ಜೊತೆಗೇ ಬರುವ ಸಂಗಾತಿಗಳು. ಇಲ್ಲಿನ ಮಂಡಿನೋವಿಗೆ, ಉಸಿರಾಟದ ತೊಂದರೆಗೆ ಬಹುಮಟ್ಟಿಗೆ ನೀರು ಮತ್ತು ದುಡಿಮೆ ಎಂಬ ಗೊತ್ತಾದ ಕಾರಣಗಳಿವೆ.

ಸ್ವಸ್ಥತೆಯ ವೇದಿಕೆಗೆ ಬರುವವರು ಇಂತಹ ಜನ. ತಾಲ್ಲೂಕು ಆಸ್ಪತ್ರೆಯಲ್ಲಿ ತಜ್ಞ ವೈದ್ಯರು ಸಿಗದೆ, ಬೆಂಗಳೂರಿನ ಖಾಸಗಿ ಆಸ್ಪತ್ರೆಯ ಖರ್ಚನ್ನು ಭರಿಸಲಾಗದೆ, ಕೊನೆಯ ಆಸರೆಯೆಂದು ಪ್ರಾರ್ಥನೆಗೆ ಬರುವವರನ್ನು ಮೂಢರೆಂದು ಹೀಯಾಳಿಸುವುದು ಸುಲಭ, ಆದರೆ ಅನ್ಯಾಯ. ಅವರ ಕಷ್ಟ ನಿಜ, ಅವರ ಪ್ರಾರ್ಥನೆಯೂ ನಿಜ. ಸುಳ್ಳಿರುವುದು ಅವರ ಕಷ್ಟವನ್ನು ಪ್ರದರ್ಶನದ ಸರಕಾಗಿ ಮಾಡಿಕೊಳ್ಳುವವರಲ್ಲಿ. ಫ್ಲೋರೈಡ್‌ನಿಂದ ಕೀಲು ಹಿಡಿದ ಮುದುಕಿಯನ್ನು ವೇದಿಕೆಯ ಮೇಲೆ ನಾಲ್ಕು ಹೆಜ್ಜೆ ನಡೆಸಿ ಚಪ್ಪಾಳೆ ಗಿಟ್ಟಿಸಿದರೆ ಮರುದಿನವೂ ಆಕೆ ಕುಡಿಯುವುದು ಅದೇ ಕೊಳವೆಬಾವಿಯ ನೀರನ್ನು. ಪವಾಡದ ಗದ್ದಲದಲ್ಲಿ ನೀರಿನ ಪ್ರಶ್ನೆ ಮರೆಯಾಗುತ್ತದೆ. ಶುದ್ಧ ನೀರು ಕೊಡಬೇಕಾದ ಸರ್ಕಾರಕ್ಕೂ ಅದರಿಂದ ಬಿಡುಗಡೆ.

ವೇದಿಕೆಯ ಮೇಲೆ ಆ ನಾಲ್ಕು ಹೆಜ್ಜೆ ಹೇಗೆ ಸಾಧ್ಯವಾಗುತ್ತದೆ? ಇದರಲ್ಲಿ ರಹಸ್ಯವೇನೂ ಇಲ್ಲ. ಸಾವಿರಾರು ಜನರ ಹಾಡು, ಉದ್ವೇಗ, ನಿರೀಕ್ಷೆಗಳ ನಡುವೆ ಶರೀರ ತಾತ್ಕಾಲಿಕವಾಗಿ ನೋವನ್ನು ಮರೆಯುತ್ತದೆ. ಮಿದುಳು ತಾನೇ ನೋವುನಿವಾರಕ ರಾಸಾಯನಿಕಗಳನ್ನು ಸ್ರವಿಸುತ್ತದೆ. ಗಂಟೆಗಳ ನಂತರ, ಮನೆ ತಲುಪಿದಾಗ, ನೋವು ಹಿಂತಿರುಗುತ್ತದೆ. ಅದನ್ನು ಕೇಳಲು ಯಾವ ಮೈಕೂ ಅಲ್ಲಿರುವುದಿಲ್ಲ. ಅಮೆರಿಕದ ಶಸ್ತ್ರವೈದ್ಯ ವಿಲಿಯಂ ನೋಲೆನ್ 1970ರ ದಶಕದಲ್ಲಿ ಆ ದೇಶದ ಪ್ರಸಿದ್ಧ ಸ್ವಸ್ಥತಾ ಪ್ರಚಾರಕಿ ಕ್ಯಾಥರಿನ್ ಕುಲ್ಮನ್ ಅವರ ಸಭೆಯಲ್ಲಿ ತಾನೇ ಭಾಗವಹಿಸಿ, ಗುಣವಾಯಿತೆಂದು ಹೇಳಿಕೊಂಡ 23 ಮಂದಿಯನ್ನು ನಂತರ ಹುಡುಕಿಕೊಂಡು ಹೋದರು. ಅವರಲ್ಲಿ ಒಬ್ಬರಿಗೂ ದೈಹಿಕ ರೋಗ ಪವಾಡದಿಂದ ವಾಸಿಯಾಗಿರಲಿಲ್ಲ. ಬೆನ್ನುಮೂಳೆಯ ಕ್ಯಾನ್ಸರ್ ಇದ್ದ ಮಹಿಳೆಯೊಬ್ಬಳು ಆಧಾರದ ಪಟ್ಟಿಯನ್ನು ಕಿತ್ತೆಸೆದು ವೇದಿಕೆಯ ಮೇಲೆ ಓಡಿದ್ದಳು. ಮರುದಿನ ಆಕೆಯ ಬೆನ್ನೆಲುಬು ಕುಸಿಯಿತು, ಕೆಲವು ತಿಂಗಳಲ್ಲಿ ಆಕೆ ತೀರಿಕೊಂಡಳು.

ಉದ್ವೇಗ ಸಾಲದಾದಾಗ ತಂತ್ರವೂ ಬರುತ್ತದೆ. ತಾವಾಗಿ ನಡೆದು ಬಂದವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ನಂತರ ಎಬ್ಬಿಸುವುದು, ಪಾದರಕ್ಷೆಯನ್ನು ತುಸು ಜಗ್ಗಿ ಗಿಡ್ಡ ಕಾಲು ಉದ್ದವಾಯಿತೆಂದು ತೋರಿಸುವುದು ಹಳೆಯ ಉಪಾಯಗಳು. 1986ರಲ್ಲಿ ಜೇಮ್ಸ್ ರ‍್ಯಾಂಡಿ ಎಂಬ ಜಾದೂಗಾರ ತನ್ನ ಸಂಗಡಿಗರೊಡನೆ ಪೀಟರ್ ಪೊಪಾಫ್ ಎಂಬ ಪ್ರಚಾರಕನ ಗುಟ್ಟನ್ನು ಬಯಲು ಮಾಡಿದ. ಸಭಿಕರ ಹೆಸರು, ವಿಳಾಸ, ರೋಗಗಳನ್ನು ದೈವಪ್ರೇರಣೆಯಿಂದ ತಿಳಿದುಕೊಳ್ಳುವೆನೆಂದು ಹೇಳುತ್ತಿದ್ದ ಪೊಪಾಫ್ ಕಿವಿಯಲ್ಲಿ ಪುಟ್ಟ ರೇಡಿಯೊ ಸಾಧನವಿತ್ತು. ಸಭೆಗೆ ಮೊದಲು ಸಂಗ್ರಹಿಸಿದ್ದ ವಿವರಗಳನ್ನು ಅವನ ಹೆಂಡತಿ ತೆರೆಮರೆಯಿಂದ ಓದಿಹೇಳುತ್ತಿದ್ದಳು. ರ‍್ಯಾಂಡಿ ಆ ಧ್ವನಿಯನ್ನು ರೇಡಿಯೊ ಗ್ರಾಹಕದಲ್ಲಿ ಹಿಡಿದು ಟಿ.ವಿ.ಯಲ್ಲಿ ಕೇಳಿಸಿದ. ಮರುವರ್ಷವೇ ಪೊಪಾಫ್ ಸಂಸ್ಥೆ ದಿವಾಳಿ ಘೋಷಿಸಿತು. ಆದರೆ ಕೆಲವು ವರ್ಷಗಳ ನಂತರ ಅದೇ ಮನುಷ್ಯ ಮತ್ತೆ ಟಿ.ವಿ. ಪರದೆಯ ಮೇಲೆ ಕಾಣಿಸಿಕೊಂಡ. ಹೊರಗಿನವರು ಒಮ್ಮೆ ಬಯಲಿಗೆಳೆದರೆ ಸಾಲದು, ಒಳಗಿನವರು ಸತತ ಎಚ್ಚರದಿಂದಿರಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ನಮ್ಮ ನೆರೆಯಲ್ಲೂ ಇಂತಹ ಭಾರೀ ಸಭೆ ನಡೆದಿದೆ. 2005ರ ಜನವರಿ 21ರಿಂದ 23ರವರೆಗೆ, ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಬರುವ ಹೆದ್ದಾರಿಗೆ ಸಮೀಪದ ಜಕ್ಕೂರು ವಿಮಾನ ಮೈದಾನದಲ್ಲಿ ಬೆನ್ನಿ ಹಿನ್ ಅವರ ಪ್ರಾರ್ಥನಾ ಉತ್ಸವ ಜರುಗಿತು. ಅದಕ್ಕೆ ಪ್ರತಿಭಟನೆಗಳಾದವು, ಬಿಗಿ ಪೊಲೀಸ್ ಭದ್ರತೆಯಲ್ಲಿ ಲಕ್ಷಾಂತರ ಜನ ಸೇರಿದರು. ಅಂದಿನ ಚರ್ಚೆಯೆಲ್ಲ 'ಮತಾಂತರವೋ ಅಲ್ಲವೋ' ಎಂಬ ಒಂದೇ ಪ್ರಶ್ನೆಯ ಸುತ್ತ ಗಿರಕಿ ಹೊಡೆಯಿತು. ವೇದಿಕೆಯಲ್ಲಿ ಗುಣವಾದರೆಂದು ಸಾರಲಾದವರು ಒಂದು ತಿಂಗಳ ನಂತರ ಹೇಗಿದ್ದರು ಎಂಬ ಪ್ರಶ್ನೆಯೇ ಮುಖ್ಯವಾಗಬೇಕಿತ್ತು. 2019ರಲ್ಲಿ ಸ್ವತಃ ಬೆನ್ನಿ ಹಿನ್ ಅವರು, ಹಣ ಕೊಟ್ಟರೆ ಆಶೀರ್ವಾದ ದೊರೆಯುತ್ತದೆ ಎಂಬರ್ಥದ ಬೋಧನೆಯಿಂದ ತಾವು ಹಿಂದೆ ಸರಿಯುವುದಾಗಿ ಬಹಿರಂಗವಾಗಿ ಹೇಳಿದರು. ಅದೇ ವರ್ಷ ಅವರ ಸಂಬಂಧಿ ಕೋಸ್ಟಿ ಹಿನ್ ಆ ಬೋಧನೆಯನ್ನು ಕಟುವಾಗಿ ವಿಮರ್ಶಿಸಿದ ಪುಸ್ತಕವನ್ನು ಪ್ರಕಟಿಸಿದರು. ಜಕ್ಕೂರಿನಲ್ಲಿ ಕೇಳಬೇಕಿದ್ದ ಪ್ರಶ್ನೆಗಳನ್ನು ಕೊನೆಗೆ ಕೇಳಿದವರು ಆ ಕುಟುಂಬದೊಳಗಿನವರೇ.

ಜಕ್ಕೂರಿನ ಸಭೆ ಮುಗಿದ ಎಂಟು ದಿನಕ್ಕೆ, 2005ರ ಜನವರಿ 31ರಂದು, ಡಾ. ಎಚ್. ನರಸಿಂಹಯ್ಯ ನಿಧನರಾದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಬಡತನದಲ್ಲಿ ಹುಟ್ಟಿ, ಭೌತವಿಜ್ಞಾನಿಯಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಈ ಗಾಂಧಿವಾದಿ 1976ರಲ್ಲಿ ಪವಾಡಗಳನ್ನೂ ಪರಿಶೀಲನೆಗೆ ಒಳಪಡಬಲ್ಲ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿಯೊಂದನ್ನು ರಚಿಸಿದರು. ನೆರೆಯ ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದು ಪರೀಕ್ಷೆಗೆ ಆಹ್ವಾನಿಸಿದರು. ಆಹ್ವಾನ ಸ್ವೀಕೃತವಾಗಲಿಲ್ಲ. ಸಂವಿಧಾನದ 42ನೇ ತಿದ್ದುಪಡಿಯ ಮೂಲಕ ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಸೇರಿಸಿದ್ದೂ ಅದೇ 1976ರಲ್ಲಿ. ನರಸಿಂಹಯ್ಯನವರ ವಿಧಾನದಲ್ಲಿ ಅವಹೇಳನವಿರಲಿಲ್ಲ. ಅವರು ಕೇಳಿದ್ದು ಇಷ್ಟೇ: ನಡೆಯಿತೆಂದು ಹೇಳುವುದನ್ನು ಎಲ್ಲರೂ ನೋಡುವಂತೆ, ಅಳೆಯುವಂತೆ ತೋರಿಸಿ. ಈ ಸರಳ ಬೇಡಿಕೆ ಎಲ್ಲ ಮತಗಳ ಪವಾಡಗಳಿಗೂ ಸಮನಾಗಿ ಅನ್ವಯಿಸುತ್ತದೆ.

ಇದೇ ಸೀಮೆಗೆ ಕ್ರೈಸ್ತ ಧರ್ಮ ತಂದ ಇನ್ನೊಂದು ಪರಂಪರೆಯೂ ಇದೆ. ಲಂಡನ್ ಮಿಷನ್ 20ನೇ ಶತಮಾನದ ಆರಂಭದಲ್ಲಿ ಚಿಕ್ಕಬಳ್ಳಾಪುರದಲ್ಲಿ ಆಸ್ಪತ್ರೆ ಕಟ್ಟಿತು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡ ಮೇಲೆ ಅದು ಸಿ.ಎಸ್.ಐ. ಆಸ್ಪತ್ರೆಯೆಂದು ಹೆಸರಾಯಿತು. ಕೋಲಾರದಲ್ಲಿ ಮೆಥಡಿಸ್ಟರು 1910ರಲ್ಲಿ ಆಸ್ಪತ್ರೆ ಆರಂಭಿಸಿದರು. ಈ ಭಾಗದ ಬಡವರು ದೊಡ್ಡ ಕಾಯಿಲೆ ಬಂದರೆ ಹಿಂದಿನಿಂದಲೂ ನೆನೆಯುವ ವೆಲ್ಲೂರಿನ ಆಸ್ಪತ್ರೆಯೂ ಅದೇ ಪರಂಪರೆಯದು. ಆ ವೈದ್ಯರು, ದಾದಿಯರು ಪ್ರಾರ್ಥಿಸುತ್ತಿರಲಿಲ್ಲವೆಂದಲ್ಲ. ಪ್ರಾರ್ಥಿಸಿದ ಮೇಲೆ ಗಾಯ ತೊಳೆದರು, ಕಣ್ಣಿನ ಪೊರೆ ತೆಗೆದರು, ಹೆರಿಗೆ ಮಾಡಿಸಿದರು. ಎಷ್ಟು ಮಂದಿ ಗುಣವಾದರು, ಎಷ್ಟು ಮಂದಿ ತೀರಿಕೊಂಡರು ಎಂಬುದನ್ನು ಎರಡನ್ನೂ ದಾಖಲೆ ಪುಸ್ತಕದಲ್ಲಿ ಬರೆದಿಟ್ಟರು. ವಾಸಿಯಾಗದವರ ಲೆಕ್ಕವನ್ನೂ ಇಡುವ ಈ ಪ್ರಾಮಾಣಿಕತೆಯೇ ಆಸ್ಪತ್ರೆಗೂ ಪವಾಡದ ವೇದಿಕೆಗೂ ಇರುವ ಮೂಲ ವ್ಯತ್ಯಾಸ.

ಆ ವಾಸಿಯಾಗದವರ ಪಾಡನ್ನು ಯೋಚಿಸಬೇಕು. ಗುಣವಾದರೆ ಕೀರ್ತಿ ಪ್ರಚಾರಕನಿಗೆ; ಗುಣವಾಗದಿದ್ದರೆ ತಪ್ಪು ರೋಗಿಯದು, ಅವನ ವಿಶ್ವಾಸ ಸಾಲದು. ಎರಡೂ ಕಡೆ ಗೆಲ್ಲುವಂತೆ ಹೂಡಿದ ಈ ತರ್ಕ ಕ್ರೂರವಾದುದು. ಕ್ಷಯರೋಗಕ್ಕೆ ಆರು ತಿಂಗಳು ತಪ್ಪದೆ ಔಷಧ ತೆಗೆದುಕೊಳ್ಳಬೇಕು. 'ವಾಸಿಯಾಯಿತು' ಎಂದು ನಡುವೆ ಬಿಟ್ಟರೆ ರೋಗಾಣು ಔಷಧಕ್ಕೆ ಮಣಿಯದಷ್ಟು ಬಲಿಯುತ್ತದೆ, ಮನೆಯವರಿಗೂ ಅಂಟುತ್ತದೆ. ಮೂರ್ಛೆರೋಗದ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಿದರೆ ಪ್ರಾಣಾಪಾಯ. ಇನ್ಸುಲಿನ್ ಅವಲಂಬಿಸಿರುವ ಮಗುವಿಗೆ ಅದನ್ನು ತಪ್ಪಿಸಿದರೆ ಕೆಲವೇ ದಿನಗಳಲ್ಲಿ ಸಾವು. ಪ್ರಾಣ ಉಳಿದರೂ ಇನ್ನೊಂದು ನಷ್ಟವಿದೆ. ನನ್ನ ನಂಬಿಕೆ ಕಡಿಮೆಯಾಯಿತು, ಆದ್ದರಿಂದ ನನ್ನ ಮಗು ಉಳಿಯಲಿಲ್ಲ ಎಂದು ಕೊರಗುವ ತಾಯಿಗೆ ದೇವರು ಸಾಂತ್ವನವಾಗಿ ಉಳಿಯುವುದಿಲ್ಲ, ಆರೋಪಿಸುವವನಾಗಿ ಕಾಣುತ್ತಾನೆ. ಕಾಲಾಂತರದಲ್ಲಿ ಮೋಸ ತಿಳಿದಾಗ ಪ್ರಚಾರಕನ ಜೊತೆಗೆ ದೇವರನ್ನೂ ತೊರೆಯುವವರಿದ್ದಾರೆ. ನಾಸ್ತಿಕರ ಭಾಷಣಗಳು ಮಾಡಲಾರದ ಕೆಲಸವನ್ನು ಸುಳ್ಳು ಸಾಕ್ಷ್ಯ ಮಾಡಿಬಿಡುತ್ತದೆ.

ಬೈಬಲಿನಲ್ಲಿ ಪವಾಡಗಳಿವೆಯಲ್ಲ ಎಂಬ ಪ್ರಶ್ನೆ ಸಹಜ. ಇವೆ. ಅವನ್ನು ಅಕ್ಷರಶಃ ನಂಬುವವರಿದ್ದಾರೆ, ಸಂಕೇತಗಳೆಂದು ಓದುವವರಿದ್ದಾರೆ. ಆದರೆ ಎರಡೂ ಬಗೆಯ ಓದುಗರು ಒಪ್ಪಲೇಬೇಕಾದ ಸಂಗತಿಯೊಂದಿದೆ. ಸುವಾರ್ತೆಗಳ ಯೇಸು ಪ್ರದರ್ಶನಕ್ಕೆ ಒಲ್ಲೆನೆಂದವನು. ದೇವಾಲಯದ ಶಿಖರದಿಂದ ಧುಮುಕಿ ತೋರಿಸೆಂಬ ಸವಾಲನ್ನು ಶೋಧನೆಯೆಂದು ತಿರಸ್ಕರಿಸಿದ. ಆಕಾಶದಿಂದ ಸೂಚಕಕಾರ್ಯ ತೋರಿಸೆಂದವರಿಗೆ ನಿರಾಕರಿಸಿದ. ಗುಣವಾದ ಕುಷ್ಠರೋಗಿಗೆ ಯಾರಿಗೂ ಸಾರಬೇಡವೆಂದೂ, ಯಾಜಕನ ಬಳಿ ಹೋಗಿ ಪರೀಕ್ಷಿಸಿಕೊಳ್ಳಬೇಕೆಂದೂ ಹೇಳಿದ. ಪ್ರಚಾರ ಬೇಡ, ಪರೀಕ್ಷೆ ಬೇಕು ಎಂಬ ಈ ಕ್ರಮವನ್ನು ಇಂದಿನ ವೇದಿಕೆಗಳು ತಲೆಕೆಳಗು ಮಾಡಿವೆ. ಹುಟ್ಟುಗುರುಡನನ್ನು ಕಂಡು ಇದು ಯಾರ ಪಾಪದ ಫಲವೆಂದು ಕೇಳಿದ ಶಿಷ್ಯರಿಗೆ, ಅವನದೂ ಅಲ್ಲ, ಅವನ ತಂದೆತಾಯಿಗಳದೂ ಅಲ್ಲ ಎಂಬ ಉತ್ತರ ಸಿಕ್ಕಿತು. ದೇವರ ವರವನ್ನು ಹಣಕೊಟ್ಟು ಕೊಳ್ಳಲು ಬಂದ ಸೀಮೋನನೆಂಬ ಮಾಂತ್ರಿಕನನ್ನು ಪೇತ್ರನು ಗದರಿಸಿ ಕಳುಹಿಸಿದ. ಪೌಲನು ತನ್ನ ದೇಹದ ಬಾಧೆಯನ್ನು ನೀಗಿಸೆಂದು ಮೂರು ಸಲ ಬೇಡಿಯೂ ಅದು ನೀಗಲಿಲ್ಲ. ಅವನ ಜೊತೆಯಲ್ಲಿದ್ದ ಲೂಕನು ವೈದ್ಯ. ಪೌಲನ ವಿಶ್ವಾಸ ಸಾಲದಾಗಿತ್ತೆಂದು ಹೇಳುವ ಧೈರ್ಯ ಯಾವ ಪ್ರಚಾರಕನಿಗಿದೆ?

ಪರೀಕ್ಷೆ ಕ್ರೈಸ್ತ ಧರ್ಮಕ್ಕೆ ಅಪರಿಚಿತವಲ್ಲ. ಫ್ರಾನ್ಸಿನ ಲೂರ್ದ್ ಕ್ಷೇತ್ರದಲ್ಲಿ 1883ರಲ್ಲೇ ವೈದ್ಯಕೀಯ ಪರಿಶೀಲನೆಯ ಕಚೇರಿ ಸ್ಥಾಪನೆಯಾಯಿತು. ಅಲ್ಲಿ ಗುಣವಾದೆವೆಂದು ಸುಮಾರು 7,000 ಮಂದಿ ಹೇಳಿಕೊಂಡಿದ್ದರೂ, 2025ರ ವೇಳೆಗೆ ಕ್ಯಾಥೋಲಿಕ್ ಸಭೆ ಪವಾಡವೆಂದು ಮಾನ್ಯ ಮಾಡಿರುವುದು 72 ಪ್ರಕರಣಗಳನ್ನು ಮಾತ್ರ. 2024ರ ಮೇ ತಿಂಗಳಲ್ಲಿ ವ್ಯಾಟಿಕನ್ ಅಲೌಕಿಕವೆನ್ನಲಾದ ಘಟನೆಗಳ ಪರಿಶೀಲನೆಗೆ 1978ರ ನಿಯಮಗಳ ಬದಲಿಗೆ ಹೊಸ ನಿಯಮಗಳನ್ನು ಪ್ರಕಟಿಸಿತು. ಹಣ, ಕೀರ್ತಿ, ಅಧಿಕಾರಗಳ ಆಸೆಯನ್ನು ಸಂಶಯದ ಲಕ್ಷಣಗಳಲ್ಲಿ ಸೇರಿಸಿತು. ಹಾಗೆಂದು ಈ ವ್ಯವಸ್ಥೆ ದೋಷಮುಕ್ತವಲ್ಲ. ಮದರ್ ತೆರೇಸಾ ಅವರ ಪುನೀತ ಪದವಿಗೆ ಆಧಾರವಾದ ಪಶ್ಚಿಮ ಬಂಗಾಳದ ಮಹಿಳೆಯ ಪ್ರಕರಣದಲ್ಲಿ, ಆಕೆ ಗುಣವಾದದ್ದು ಔಷಧದಿಂದ ಎಂದು ಚಿಕಿತ್ಸೆ ನೀಡಿದ ವೈದ್ಯರು ಹೇಳಿದ್ದರು. 2012ರಲ್ಲಿ ಮುಂಬೈನ ಇರ್ಲಾದ ಚರ್ಚೊಂದರ ಬಳಿ ಶಿಲುಬೆಯ ಪ್ರತಿಮೆಯಿಂದ ನೀರು ತೊಟ್ಟಿಕ್ಕಿದಾಗ, ಕಟ್ಟಿಕೊಂಡ ಚರಂಡಿಯ ನೀರು ಗೋಡೆಯ ಮೂಲಕ ಏರಿ ಬಂದದ್ದು ಕಾರಣವೆಂದು ವಿಚಾರವಾದಿ ಸನಲ್ ಎಡಮರುಕು ತೋರಿಸಿದರು. ಆ ನೀರನ್ನು ತೀರ್ಥವೆಂದು ಸೇವಿಸುತ್ತಿದ್ದವರ ಆರೋಗ್ಯ ಉಳಿಸಿದ್ದಕ್ಕೆ ಅವರಿಗೆ ಕೃತಜ್ಞತೆ ಸಲ್ಲಬೇಕಿತ್ತು. ಬದಲಿಗೆ ಧಾರ್ಮಿಕ ಭಾವನೆಗೆ ಧಕ್ಕೆ ತಂದರೆಂಬ ದೂರುಗಳು ದಾಖಲಾಗಿ ಅವರು ದೇಶ ಬಿಟ್ಟು ಫಿನ್ಲೆಂಡಿಗೆ ಹೋಗಬೇಕಾಯಿತು.

ಆದರೂ ದೊಡ್ಡ ಸಭೆಗಳಲ್ಲಿ ಕನಿಷ್ಠ ಪರಿಶೀಲನೆಯ ನಿಯಮವಾದರೂ ಇದೆ, ಮೇಲ್ವಿಚಾರಣೆ ಇದೆ. ಯಾರಿಗೂ ಉತ್ತರದಾಯಿಯಲ್ಲದ ವ್ಯಕ್ತಿಕೇಂದ್ರಿತ ಸಂಘಟನೆಗಳಲ್ಲಿ ಅದೂ ಇಲ್ಲ. ಪವಾಡದ ಪ್ರಭಾವಳಿ ಪ್ರಶ್ನೆಯನ್ನೇ ಪಾಪವೆಂದು ಸಾರಿದಾಗ ಬೇರೆ ಅಪರಾಧಗಳಿಗೂ ರಕ್ಷಣೆ ಸಿಗುತ್ತದೆ. ಸ್ವಸ್ಥತಾ ಸಭೆಗಳಿಂದಲೇ ಹೆಸರಾಗಿದ್ದ ಪಂಜಾಬಿನ ಸ್ವಘೋಷಿತ ಪ್ರವಾದಿ ಬಜಿಂದರ್ ಸಿಂಗ್‌ಗೆ 2025ರ ಏಪ್ರಿಲ್‌ನಲ್ಲಿ ಮೊಹಾಲಿಯ ನ್ಯಾಯಾಲಯ ಅತ್ಯಾಚಾರ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಇದು ಒಂದೇ ಮತದ ರೋಗವಲ್ಲ. 2024ರ ಜುಲೈ 2ರಂದು ಉತ್ತರಪ್ರದೇಶದ ಹಾಥರಸ್‌ನಲ್ಲಿ ಬಾಬಾ ಒಬ್ಬರ ಸತ್ಸಂಗದ ನಂತರ ಉಂಟಾದ ಕಾಲ್ತುಳಿತದಲ್ಲಿ 121 ಮಂದಿ ಸತ್ತರು.

ಸುಳ್ಳು ಪವಾಡದ ಮತ್ತೊಂದು ಬೆಲೆಯನ್ನು ಅಲ್ಪಸಂಖ್ಯಾತ ಸಮುದಾಯ ಇಡಿಯಾಗಿ ತೆರುತ್ತದೆ. 2021ರ ಡಿಸೆಂಬರ್ 23ರಂದು ಮತಾಂತರ ನಿಯಂತ್ರಣ ವಿಧೇಯಕಕ್ಕೆ ರಾಜ್ಯ ವಿಧಾನಸಭೆ ಒಪ್ಪಿಗೆ ನೀಡಿತು. ಅದೇ ದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಸೂಸೈಪಾಳ್ಯದಲ್ಲಿ, ನೂರೈವತ್ತು ವರ್ಷಕ್ಕೂ ಹಳೆಯದಾದ ಸಂತ ಜೋಸೆಫರ ದೇವಾಲಯದ ಸಂತ ಅಂತೋಣಿಯವರ ಪ್ರತಿಮೆಯನ್ನು ಭಗ್ನಗೊಳಿಸಲಾಯಿತು. ತಲೆಮಾರುಗಳಿಂದ ನೆರೆಹೊರೆಯವರೊಡನೆ ಬಾಳಿದ ಆ ಊರಿನ ಭಕ್ತರಿಗೂ ಪವಾಡದ ವ್ಯಾಪಾರಿಗಳಿಗೂ ಯಾವ ಸಂಬಂಧವೂ ಇಲ್ಲ. ಅಂತಹ ದಾಳಿಗೆ ಯಾವ ಸಮರ್ಥನೆಯೂ ಇರಲಾರದು. ಆದರೆ ಪ್ರತಿಯೊಂದು ಪ್ರಾರ್ಥನೆಯನ್ನೂ ಆಮಿಷವೆಂದು, ಪ್ರತಿಯೊಂದು ಆಸ್ಪತ್ರೆಯನ್ನೂ ಬಲೆಯೆಂದು ಬಿಂಬಿಸಲು ಹವಣಿಸುವವರ ಕೈಗೆ ವೇದಿಕೆಯ ಸುಳ್ಳು ಸುಲಭದ ಆಯುಧವನ್ನು ಕೊಡುತ್ತದೆ. ಮಿಷನ್ ಆಸ್ಪತ್ರೆಗಳು ನೂರು ವರ್ಷದಲ್ಲಿ ಗಳಿಸಿದ ವಿಶ್ವಾಸವನ್ನು ಒಂದು ರಾತ್ರಿಯ ಪ್ರದರ್ಶನ ಒತ್ತೆಯಿಡುತ್ತದೆ.

ಕಾನೂನು ಇಲ್ಲದಿಲ್ಲ. ಕ್ಯಾನ್ಸರ್, ಮಧುಮೇಹ, ಮೂರ್ಛೆರೋಗ, ಪಾರ್ಶ್ವವಾಯು, ಕುರುಡು ಮುಂತಾದವನ್ನು ಮಾಂತ್ರಿಕ ಪರಿಹಾರದಿಂದ ಗುಣಪಡಿಸುವುದಾಗಿ ಜಾಹೀರಾತು ನೀಡುವುದನ್ನು 1954ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ. ಕರ್ನಾಟಕದ 2017ರ ಮೌಢ್ಯ ಪ್ರತಿಬಂಧಕ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ಇವುಗಳನ್ನು ಬಾಬಾ, ಮೌಲ್ವಿ, ಪಾಸ್ಟರ್ ಎಂಬ ಭೇದವಿಲ್ಲದೆ ಅನ್ವಯಿಸಬೇಕು. ಅನ್ವಯಿಸುವವರು ಅಧಿಕಾರಿಗಳೇ ಆಗಿರಬೇಕು. ಬೀದಿಯ ಗುಂಪುಗಳಿಗೆ ಆ ಅಧಿಕಾರವಿಲ್ಲ. ರೋಗಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವುದು ಸಂವಿಧಾನದ 25ನೇ ವಿಧಿ ರಕ್ಷಿಸುವ ಹಕ್ಕು. ರೋಗ ಹೋಯಿತೆಂದು ಸುಳ್ಳು ಸಾರಿ ಹಣ ಪಡೆಯುವುದು ವಂಚನೆ. ಇವೆರಡರ ನಡುವಣ ಗೆರೆ ಅಷ್ಟೇನೂ ಅಸ್ಪಷ್ಟವಲ್ಲ.

ಆದರೆ ಪೊಲೀಸರು ಬರುವುದಕ್ಕೆ ಮೊದಲೇ ಸಭೆಗಳು ಮಾಡಬಹುದಾದ ಕೆಲಸವಿದೆ. ಈ ನಾಲ್ಕು ತಾಲ್ಲೂಕುಗಳ ಕ್ಯಾಥೋಲಿಕ್, ಸಿ.ಎಸ್.ಐ., ಮೆಥಡಿಸ್ಟ್ ಮತ್ತು ಸ್ವತಂತ್ರ ಸಭೆಗಳ ಹಿರಿಯರು ಒಟ್ಟಾಗಿ ಕೂತು ಕೆಲವು ನಿಯಮಗಳನ್ನು ಘೋಷಿಸಲಿ. ಚಿಕಿತ್ಸೆಗೆ ಮೊದಲಿನ ಮತ್ತು ನಂತರದ ವೈದ್ಯಕೀಯ ದಾಖಲೆಗಳಿಲ್ಲದೆ, ಕೆಲವು ತಿಂಗಳು ಕಾಯದೆ, ಯಾರದೇ ಸ್ವಸ್ಥತೆಯ ಸಾಕ್ಷ್ಯವನ್ನು ವೇದಿಕೆಯಿಂದ ಸಾರಬಾರದು. ರೋಗಿಗಳಿಗಾಗಿ ಪ್ರಾರ್ಥಿಸುವ ಸಭೆಯಲ್ಲಿ ಕಾಣಿಕೆ ಎತ್ತಬಾರದು. ವೈದ್ಯರು ಹೇಳುವವರೆಗೆ ಔಷಧ ನಿಲ್ಲಿಸಬೇಡಿ ಎಂಬ ಮಾತನ್ನು ಪ್ರತಿ ಪ್ರಾರ್ಥನೆಯ ಕೊನೆಗೂ ಹೇಳಬೇಕು. ಮಕ್ಕಳನ್ನು ಪ್ರದರ್ಶನಕ್ಕೆ ಬಳಸಬಾರದು. ಇವನ್ನು ಒಪ್ಪದವರ ಸಭೆಗೆ ತಮ್ಮ ಆವರಣವನ್ನೂ ಹೆಸರನ್ನೂ ಕೊಡಬಾರದು. ಜೊತೆಗೆ ಊರಿನ ನೀರಿನ ಫ್ಲೋರೈಡ್ ಪರೀಕ್ಷೆ, ರೀಲರುಗಳ ಶ್ವಾಸಕೋಶದ ತಪಾಸಣೆಗಳಿಗೆ ದೇವಾಲಯದ ಆವರಣದಲ್ಲೇ ಶಿಬಿರ ಏರ್ಪಡಿಸಿದರೆ, ರೋಗಿಗಳ ಸೇವೆಯ ಹಳೆಯ ಪರಂಪರೆಗೆ ಮರಳಿದಂತಾಗುತ್ತದೆ.

ಪವಾಡ ನಡೆಯಬಲ್ಲದೇ ಎಂಬ ತತ್ವಪ್ರಶ್ನೆಯನ್ನು ಯಾವ ಪತ್ರಿಕೆಯ ಪುಟವೂ ಇತ್ಯರ್ಥ ಮಾಡಲಾರದು. ಅದು ಅವರವರ ಶ್ರದ್ಧೆಗೆ ಬಿಟ್ಟದ್ದು. ಆದರೆ ನಡೆಯದಿದ್ದುದನ್ನು ನಡೆಯಿತೆಂದು ಹೇಳುವುದು ಸುಳ್ಳು, ಮತ್ತು ಸುಳ್ಳು ಸಾಕ್ಷಿ ಹೇಳಬಾರದೆಂಬುದು ಹತ್ತು ಆಜ್ಞೆಗಳಲ್ಲಿ ಒಂದು. ಹೊಸೂರಿನ ನರಸಿಂಹಯ್ಯನವರು ನಂಬದವರಾಗಿ ಕೇಳಿದ ಪ್ರಶ್ನೆಯನ್ನು ನಂಬುವವರು ನಂಬಿಕೆಯ ಕಾರಣಕ್ಕೇ ಕೇಳಲು ಆರಂಭಿಸಬೇಕು. ಗುಣವಾಗದೆ ಮನೆಗೆ ಮರಳುವ ರೋಗಿಗೆ ಸಭೆ ಕೊಡಬೇಕಾದ ಮೊದಲ ಸಾಂತ್ವನ, ತಪ್ಪು ನಿನ್ನದಲ್ಲ ಎಂಬ ಮಾತು.